ಎರಡನೆಯ ನೊಣವನ್ನು ಬಿಚ್ಚಿದ್ದು

ಆ ಎರಡು ನೊಣಗಳು ಬಂದದ್ದು ಹೋಮಿಯೋಪತಿ ಮಾತ್ರೆ ಹಾಕಿಕೊಡುವಂಥ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಒಳಗೆ ಹತ್ತಿ ಹಾಸಿ ಮಲಗಿಸಿದ್ದರು. ನಮ್ಮ ಮಾಲೀಕರು ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಗುಡಿಯಿಂದ ತೀರ್ಥ ತಂದವರ ಹಾಗೆ, ನನ್ನ ಮೇಜಿನ ಹತ್ತಿರ ಬಂದರು.

"ಏನಮ್ಮ, ಇದು ಯಾವ್ದು ಹೇಳು ನೋಡಾಣ."

"ಗೊತ್ತಿಲ್ಲ ಸಾರ್."

"ಹನ್ನೊಂದು ವರ್ಷದಿಂದ ಕಟ್ತಾ ಇದೀಯ. ಗೊತ್ತಿಲ್ಲ ಅಂತೀಯಲ್ಲ!"

ಅವರು ಅಷ್ಟೇ ವರ್ಷದಿಂದ ಮಾರುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ನೊಣ ಎಂದರೆ ಹಾರುವ ನೊಣವಲ್ಲ. ಹಿರಿಯೂರಿನ ಹೊರಗೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಇರುವ ನಮ್ಮ ಶೆಡ್ಡಿನಲ್ಲಿ ಇಪ್ಪತ್ತೆರಡು ಹೆಂಗಸರು ಕೂತು, ಚಿಕ್ಕ ಗಾಳದ ಮೇಲೆ ಪುಕ್ಕ, ಉಣ್ಣೆ, ಜರಿ, ದಾರ ಸುತ್ತಿ ಹುಳದ ಹಾಗೆ ಕಾಣುವ ಒಂದು ವಸ್ತು ಮಾಡುತ್ತೇವೆ. ಚಳಿ ದೇಶದವರು ಅದನ್ನು ದಾರಕ್ಕೆ ಕಟ್ಟಿ ಹೊಳೆಗೆ ಎಸೆದು ಟ್ರೌಟ್ ಎಂಬ ಮೀನು ಹಿಡಿಯುತ್ತಾರೆ. ಟ್ರೌಟ್‌ನಲ್ಲೇ ಒಂದು ಜಾತಿ ಸಮುದ್ರಕ್ಕೆ ಹೋಗಿ, ಕೊಬ್ಬಿ, ಮತ್ತೆ ಹುಟ್ಟಿದ ಹೊಳೆಗೇ ವಾಪಸು ಬರುತ್ತದಂತೆ. ಅದು ಸ್ಟೀಲ್‌ಹೆಡ್. ಈ ಮೀನನ್ನು ಹಿಡಿಯಲು ಮೂರು ನಾಲ್ಕು ದಿನ ಸೊಂಟದ ಮಟ್ಟ ತಣ್ಣೀರಿನಲ್ಲಿ ನಿಲ್ಲುತ್ತಾರೆ. ಕೊನೆಗೆ ಸಿಕ್ಕಿದರೆ ಎತ್ತಿ ಫೋಟೋ ತೆಗೆಸಿಕೊಂಡು ನೀರಿಗೇ ಬಿಡುತ್ತಾರೆ. ಸಾರಿಗೆ ಹಾಕುವುದಿಲ್ಲ. ಇದನ್ನು ಮೊದಲ ಸಲ ಕೇಳಿದಾಗ ನಮ್ಮ ಸಾಲಿನ ಹೆಂಗಸರೆಲ್ಲ ಗಾಳ ಕೆಳಗಿಟ್ಟು ನಕ್ಕಿದ್ದೆವು. ನಗು ಮುಗಿದ ಮೇಲೆ ಕಟ್ಟುವುದನ್ನು ಮುಂದುವರಿಸಿದೆವು.

ನನ್ನದು ಸ್ಯಾಂಪಲ್ ಕೆಲಸ. ಹೊಸ ಮಾದರಿ ಬಂದರೆ ಮೊದಲು ನಾನು ಕಟ್ಟಬೇಕು, ಯಾವುದರ ಮೇಲೆ ಯಾವುದು ಎಂದು ಬರೆದಿಡಬೇಕು, ಉಳಿದವರಿಗೆ ಕಲಿಸಬೇಕು, ಅವರು ಕಟ್ಟಿದ್ದನ್ನು ನೋಡಿ ಒಳ್ಳೆಯದು ಕೆಟ್ಟದ್ದು ಬೇರೆ ಮಾಡಬೇಕು.

ಡಬ್ಬಿಯ ಜೊತೆಗೆ ಒಂದು ಕಾಗದವಿತ್ತು. ಬರೆದವನು ಒಂದು ದೊಡ್ಡ ಹೊಳೆಯ ದಡದಲ್ಲಿ ಮೀನುಗಾರಿಕೆ ಸಾಮಾನಿನ ಅಂಗಡಿ ಇಟ್ಟವನು. ಆ ಊರಿನಲ್ಲಿ ಒಬ್ಬ ಮುದುಕ ತೀರಿಕೊಂಡಿದ್ದ. ಬೇರೆ ಯಾರಿಗೂ ಮೀನು ಬೀಳದ ದಿನಗಳಲ್ಲೂ ಅವನಿಗೆ ಬೀಳುತ್ತಿತ್ತಂತೆ. ಅವನ ಮಗಳು ಪೆಟ್ಟಿಗೆ ತೆರೆದಾಗ ಈ ನೊಣಗಳು ಸಿಕ್ಕಿದವು. ಅವನೇ ಕಟ್ಟಿದ್ದು, ಹೆಸರಿಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಒಂದನ್ನು ಬಿಚ್ಚಿ ನೋಡಿ, ಇನ್ನೊಂದನ್ನು ಹಾಗೇ ವಾಪಸು ಕಳಿಸಿ ಎಂದು ಬರೆದಿದ್ದ. ಹೊಂದಿದರೆ ಚಳಿಗಾಲದ ಪೂರ್ತಿ ಆರ್ಡರ್ ನಮಗೆ. ಹೊಂದದಿದ್ದರೆ ಬೇರೆ ದೇಶದ ಇನ್ನೊಂದು ಶೆಡ್ಡಿಗೆ.

ಮಾಲೀಕರು ಆ ವರ್ಷ ಎರಡು ಆರ್ಡರ್ ಕಳೆದುಕೊಂಡಿದ್ದರು. "ಇದೂ ಹೋದ್ರೆ ಅರ್ಧ ಜನಾನ ಮನೆಗೆ ಕಳಿಸ್ಬೇಕಾಗ್ತೈತೆ ನೋಡಮ್ಮ" ಎಂದರು. ಅದು ಬೆದರಿಕೆಯಾಗಿರಲಿಲ್ಲ, ನಿಜವೇ ಆಗಿತ್ತು. ಹಾಗಾಗಿ ಆ ಒಂದು ಮಾತಿಗೆ ಮಾತ್ರ ನನಗೆ ಸಿಟ್ಟು ಬರಲಿಲ್ಲ.

ಮೊದಲ ನೊಣವನ್ನು ಬಿಚ್ಚುವ ಕೆಲಸ ನನ್ನದಾಗಬೇಕಿತ್ತು. ಆದರೆ ಮಾಲೀಕರು ಬೆಂಗಳೂರಿನಿಂದ ಒಬ್ಬ ಸಲಹೆಗಾರನನ್ನು ಕರೆಸಿದರು. ರಜೆಯಲ್ಲಿ ಹಿಮಾಲಯದ ಕಡೆ ಹೋಗಿ ಟ್ರೌಟ್ ಹಿಡಿದು ಬರುವ ಮನುಷ್ಯ. ಹಿರಿಯೂರಿನ ಬಿಸಿಲಿಗೆ ಮೈತುಂಬ ಜೇಬುಗಳಿರುವ ದಪ್ಪ ಅಂಗಿ ಹಾಕಿಕೊಂಡು ಬಂದ. ಹದಿನಾಲ್ಕು ಜೇಬು ಎಣಿಸಿದೆ. ಒಂದರಲ್ಲೂ ಕರವಸ್ತ್ರ ಇರಲಿಲ್ಲ, ಬೆವರನ್ನು ತೋಳಿಗೆ ಒರೆಸುತ್ತಿದ್ದ.

"ಮೇಡಂ, ಇದು ಬಹಳ ಕ್ಲಾಸಿಕ್ ಪ್ಯಾಟರ್ನ್" ಎಂದ, ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ. ಆಮೇಲೆ ತೆಗೆದು ನೋಡಿ ಒಂದು ಇಂಗ್ಲಿಷ್ ಹೆಸರು ಹೇಳಿದ. ಆ ಹೆಸರಿನ ನೊಣವನ್ನು ನಾನು ಕಡಿಮೆ ಎಂದರೂ ಎರಡು ಸಾವಿರ ಕಟ್ಟಿದ್ದೇನೆ. ಅದಕ್ಕೂ ಇದಕ್ಕೂ ಗಾಳ ಒಂದೇ, ಅಷ್ಟೆ.

"ಅದು ಇದಲ್ಲ ಸಾರ್. ಅದರ ರೆಕ್ಕೆ ಕೂದಲು ಬೇರೆ."

"ವೇರಿಯೇಷನ್ ಇರುತ್ತೆ ಮೇಡಂ."

ಎನ್ನುತ್ತಲೇ ಜೇಬಿನಿಂದ ಬ್ಲೇಡ್ ತೆಗೆದ. ನೊಣ ಬಿಚ್ಚುವ ಕ್ರಮವೊಂದಿದೆ. ತಲೆಯ ಮೇಲಿನ ವಾರ್ನಿಷ್ ಅನ್ನು ಥಿನ್ನರಿನಲ್ಲಿ ನೆನೆಸಿ ಮೆತ್ತಗೆ ಮಾಡಬೇಕು. ಆಮೇಲೆ ದಾರದ ತುದಿ ಹುಡುಕಿ, ಸುತ್ತುಗಳನ್ನು ಎಣಿಸುತ್ತ ಒಂದೊಂದೇ ಬಿಚ್ಚಬೇಕು. ಬಿಚ್ಚಿದ್ದನ್ನೆಲ್ಲ ಬಿಳಿ ಹಾಳೆಯ ಮೇಲೆ ಸಾಲಾಗಿ ಅಂಟಿಸಬೇಕು. ಕಟ್ಟಿದವನು ಕೊನೆಗೆ ಮಾಡಿದ್ದು ನಮಗೆ ಮೊದಲು ಸಿಗುತ್ತದೆ, ಮೊದಲು ಮಾಡಿದ್ದು ಕೊನೆಗೆ. ಅಷ್ಟು ಹೊತ್ತು ತಾಳ್ಮೆಯಿಂದ ಕೂತರೆ ಆ ಮನುಷ್ಯನ ಕೈ ಹೇಗೆ ಓಡಿತು ಎಂದು ತಿಳಿಯುತ್ತದೆ. ಸಲಹೆಗಾರ ಇದೊಂದನ್ನೂ ಮಾಡಲಿಲ್ಲ. ಗಾಳದ ಉದ್ದಕ್ಕೂ ಬ್ಲೇಡ್ ಎಳೆದುಬಿಟ್ಟ. ಕೋಳಿ ತೊಗಲು ಸುಲಿದ ಹಾಗೆ ಎಲ್ಲವೂ ಒಟ್ಟಿಗೆ ಬಿಚ್ಚಿಕೊಂಡು ಮೇಜಿನ ಮೇಲೆ ಒಂದು ಗುಡ್ಡೆ ಬಿತ್ತು. ಫ್ಯಾನಿನ ಗಾಳಿಗೆ ಅರ್ಧ ಹಾರಿತು.

"ನೋಡಿ, ಎಲ್ಲ ಇಲ್ಲೇ ಇದೆ" ಎಂದ.

ಎಲ್ಲ ಅಲ್ಲೇ ಇತ್ತು. ಒಡೆದ ಗಡಿಗೆಯ ಚೂರೂ ಎಲ್ಲ ಅಲ್ಲೇ ಇರುತ್ತದೆ. ಅವನು ಊಟ ಮಾಡಿ, ಮಾಲೀಕರ ಜೊತೆ ಫೋಟೋ ತೆಗೆಸಿಕೊಂಡು, ಒಂದು ಪಟ್ಟಿ ಬರೆದುಕೊಟ್ಟು ಮೂರು ಗಂಟೆಯ ಬಸ್ಸಿಗೆ ಹೋದ.

ಆ ಪಟ್ಟಿಯಲ್ಲಿ ತಪ್ಪಿದ್ದನ್ನು ನನಗೆ ತಿಳಿದಷ್ಟು ತಿದ್ದಿಕೊಂಡೆ. ಮೈಗೆ ಅವನು ನೈಲಾನ್ ಎಂದು ಬರೆದಿದ್ದ. ಒಂದು ಎಳೆ ಬೆಂಕಿಗೆ ಹಿಡಿದೆ. ಕರಗಿ ಗಂಟಾಗಲಿಲ್ಲ, ಸುಟ್ಟ ಕೂದಲಿನ ವಾಸನೆ ಬಂತು, ಒತ್ತಿದರೆ ಪುಡಿಯಾಯಿತು. ಅಂದರೆ ಉಣ್ಣೆ. ಅದೂ ಬಣ್ಣ ಹಾಕಿದ ಉಣ್ಣೆಯಲ್ಲ, ಕುರಿಯ ಮೈಮೇಲಿದ್ದ ಕಂದು ಬಣ್ಣವೇ. ಹೊಸದುರ್ಗದ ಹತ್ತಿರ ಕಂಬಳಿ ನೇಯುವ ನನ್ನ ಚಿಕ್ಕಮ್ಮನ ಮನೆಗೆ ಹೋಗಿ, ಚೀಲಗಳಲ್ಲಿ ಕೈಹಾಕಿ ಹುಡುಕಿ, ಅದೇ ಬಣ್ಣದ ಒಂದು ಹಿಡಿ ತಂದೆ. ಮೈಮೇಲೆ ಸುತ್ತಿದ ಬೆಳ್ಳಿ ಜರಿ ನಮ್ಮಲ್ಲೇ ಇತ್ತು. ರೆಕ್ಕೆಗೆ ಅಳಿಲಿನ ಬಾಲದ ಕೂದಲು, ಹೊರದೇಶದಿಂದ ತರಿಸಿದ್ದು. ಕತ್ತಿಗೆ ಗಿನಿಕೋಳಿಯ ಚುಕ್ಕಿ ಪುಕ್ಕ.

ಉಳಿದದ್ದು ಕೆನ್ನೆ. ತಲೆಯ ಎರಡೂ ಪಕ್ಕ, ಕಣ್ಣಿನ ಹಾಗೆ ಹೊಳೆಯುವ ಒಂದೊಂದು ಹಳದಿ ಹನಿ ಇರುವ ಪುಕ್ಕ. ಅಂಥ ಹನಿ ಹುಟ್ಟಿನಿಂದಲೇ ಇರುವುದು ಕಾಡುಕೋಳಿ ಹುಂಜದ ಕತ್ತಿನ ಗರಿಯಲ್ಲಿ ಮಾತ್ರ. ಕಾಡುಕೋಳಿಯನ್ನು ಹೊಡೆಯುವುದಾಗಲಿ, ಅದರ ಗರಿ ಮಾರುವುದಾಗಲಿ ಕಾನೂನಿಗೆ ವಿರುದ್ಧ. ಆದ್ದರಿಂದ ಅಂಥ ಮಾದರಿ ಬಂದಾಗಲೆಲ್ಲ ನಾವು ಊರುಕೋಳಿಯ ಕರಿ ಪುಕ್ಕಕ್ಕೆ ಬಣ್ಣದ ವಾರ್ನಿಷ್ ಹನಿ ಇಟ್ಟು ಒಣಗಿಸಿ ಹಾಕುತ್ತಿದ್ದೆವು. ಈ ಸಲವೂ ಹಾಗೇ ಮಾಡಿದೆ. ಹನ್ನೆರಡು ಕಟ್ಟಿ ಕಳಿಸಿದೆವು.

ಉತ್ತರ ಬೇಗ ಬಂತು. ಮಾಲೀಕರ ಫೋನಿನಲ್ಲಿ ನಾನೇ ಓದಿದೆ. ಮೊದಲ ಸಾಲಿನಲ್ಲಿ, ಇದು ಆ ಮುದುಕನ ನೊಣವಲ್ಲ ಎಂದಿತ್ತು. ಎರಡನೆಯ ಸಾಲಿನಲ್ಲಿ ಕಾರಣವಿತ್ತು: ನಿಮ್ಮ ನೊಣದ ರೆಕ್ಕೆ ನೀರಿನಲ್ಲಿ ಇನ್ನೊಂದು ಪಕ್ಕಕ್ಕೆ ವಾಲುತ್ತದೆ, ಅವನದು ಹೀಗೆ ವಾಲುವುದಿಲ್ಲ. ಇನ್ನೊಂದು ಅವಕಾಶ ಕೊಡುತ್ತೇನೆ, ಅದು ಕೊನೆಯದು.

ಮಾಲೀಕರು ಮೊದಲ ಸಾಲು ಓದಿ ಸಲಹೆಗಾರನಿಗೆ ಫೋನ್ ಮಾಡಿದರು. ಎರಡನೆಯ ಸಾಲನ್ನು ಇಬ್ಬರೂ ಓದಲಿಲ್ಲ. ಸ್ಪೀಕರಿನಲ್ಲಿ ಅವನ ದನಿ ಶೆಡ್ಡಿಗೆಲ್ಲ ಕೇಳಿಸಿತು.

"ಸಾರ್, ಡೂಪ್ಲಿಕೇಟ್ ಗರಿ ಹಾಕಿದ್ರೆ ಅದಕ್ಕೆ ಆತ್ಮ ಎಲ್ಲಿಂದ ಬರುತ್ತೆ? ನಿಜವಾದ ಕಾಡುಕೋಳಿ ಗರಿ ಬೇಕು. ನಿಮ್ಮ ಜೋಗಿಮಟ್ಟಿ ಕಾಡು ಪಕ್ಕದಲ್ಲೇ ಇದೆಯಲ್ಲ!"

ಮೀನಿಗೆ ಆತ್ಮ ಕಾಣುತ್ತದೆಯೇ ಎಂದು ನಾನು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಮಾಲೀಕರು ಸ್ಪೀಕರ್ ಆರಿಸಿ ಹೊರಗೆ ಹೋದರು.

ಆ ಎರಡನೆಯ ಸಾಲು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಮೊದಲಿಗೆ ಅದೂ ಹುಚ್ಚೇ ಅನ್ನಿಸಿತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ ವಸ್ತು. ಅದು ಎಡಕ್ಕೆ ವಾಲಿದರೇನು, ಬಲಕ್ಕೆ ವಾಲಿದರೇನು? ಹಾಗಾದರೆ ನೋಡಿಯೇಬಿಡೋಣ ಎಂದು ಭಾನುವಾರ, ಉಳಿದ ಒಂದೇ ಮಾದರಿಯನ್ನೂ ನಾನು ಕಟ್ಟಿದ್ದರಲ್ಲಿ ಒಂದನ್ನೂ ತೆಗೆದುಕೊಂಡು ಕಾಲುವೆಗೆ ಹೋದೆ. ಮಾರಿಕಣಿವೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದ ದಿನಗಳು. ಮಾದರಿಯನ್ನು ಶೆಡ್ಡಿನಿಂದ ಹೊರಗೆ ತರಲು ಯಾರನ್ನೂ ಕೇಳಿರಲಿಲ್ಲ. ಅದು ಕಿತ್ತು ನೀರುಪಾಲಾಗಿದ್ದರೆ ನಾನು ಸೋಮವಾರ ಶೆಡ್ಡಿಗೆ ಹೋಗುವ ಪ್ರಮೇಯವೇ ಇರುತ್ತಿರಲಿಲ್ಲ.

ಎರಡನ್ನೂ ಒಂದೊಂದು ಮೊಳ ದಾರಕ್ಕೆ ಕಟ್ಟಿ, ಒಂದೇ ಕೋಲಿನ ಎರಡು ಕಡೆ ಬಿಗಿದು, ಮೆಟ್ಟಿಲ ಮೇಲೆ ಕೂತು ಹರಿವ ನೀರಿಗೆ ಇಳಿಬಿಟ್ಟೆ. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಕೈ ನಿಲ್ಲಿಸಿ ನೋಡಿದರು.

"ಏನವ್ವ, ಮೀನು ಬೀಳ್ತಾವಾ?"

"ಇಲ್ಲಜ್ಜಿ, ಸುಮ್ನೆ ನೋಡ್ತಾ ಇದೀನಿ."

"ಮೀನು ಹಿಡಿಯಾಕೆ ಬ್ಯಾಡಾಂದ್ರೆ ಗಾಳ ಯಾಕವ್ವ ಬಿಟ್ಟೀಯ?"

ಚಳಿ ದೇಶದವರನ್ನು ಕೇಳಬೇಕಾದ ಪ್ರಶ್ನೆಯನ್ನು ಅಜ್ಜಿ ನನ್ನನ್ನು ಕೇಳಿದ್ದರು. ಉತ್ತರ ಕೊಡುವಷ್ಟರಲ್ಲಿ ನನ್ನ ಕಣ್ಣು ನೀರಿನಲ್ಲಿ ನೆಟ್ಟಿತ್ತು. ನಾನು ಕಟ್ಟಿದ ನೊಣದ ರೆಕ್ಕೆ ಒಂದು ಕಡೆ ವಾಲಿತ್ತು. ಸತ್ತವನ ನೊಣ ಅದರ ಎದುರು ಕಡೆ ವಾಲಿತ್ತು. ಕೋಲನ್ನು ತಿರುಗಿಸಿ ಜಾಗ ಬದಲಿಸಿದೆ, ಆದರೂ ಹಾಗೇ. ಕನ್ನಡಿಯಲ್ಲಿ ಮುಖ ನೋಡಿದ ಹಾಗೆ ಎರಡೂ ಎದುರುಬದುರು. ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಹಾಗಾದರೆ ತಪ್ಪು ಗರಿಯಲ್ಲಿಲ್ಲ, ಕಟ್ಟಿದ ರೀತಿಯಲ್ಲೇ ಎಲ್ಲೋ ಇದೆ ಎಂದು ನನಗೆ ಖಾತ್ರಿಯಾಯಿತು. ಎಲ್ಲಿ ಎಂದು ಮಾತ್ರ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಮಾಲೀಕರು ಚಿತ್ರದುರ್ಗದಿಂದ ನೇರವಾಗಿ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಚೀಲ. ನನ್ನ ಮೇಜಿನ ಮೇಲೆ ಇಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ಚೀಲದ ಬಾಯಿ ಬಿಚ್ಚಿದರು. ಒಳಗೆ ವೃತ್ತಪತ್ರಿಕೆ, ಪತ್ರಿಕೆಯೊಳಗೆ ಎರಡು ಕಾಡುಕೋಳಿಯ ಕತ್ತಿನ ತೊಗಲು, ಗರಿ ಸಮೇತ. ಒಂದರ ಅಂಚಿನಲ್ಲಿ ರಕ್ತ ಒಣಗಿ ಪತ್ರಿಕೆಗೆ ಅಂಟಿಕೊಂಡಿತ್ತು. ಗರಿಗಳ ಮೇಲೆ ಮೇಣದ ಹನಿ ತೊಟ್ಟಿಕ್ಕಿದ ಹಾಗೆ ಹಳದಿ ಚುಕ್ಕಿಗಳು. ಅಷ್ಟು ಚೆಂದದ ವಸ್ತು ಆ ಮೇಜಿನ ಮೇಲೆ ಅದಕ್ಕೂ ಮೊದಲು ಬಂದಿರಲಿಲ್ಲ.

"ಯಾರಿಗೂ ಹೇಳ್ಬ್ಯಾಡ. ಹತ್ತು ನೊಣಕ್ಕೆ ಸಾಕಲ್ಲ?"

"ಸಾರ್, ಇದನ್ನ ನಾನು ಮುಟ್ಟಲ್ಲ."

"ಯಾಕೆ, ನೀನೇನು ಮಾಂಸ ತಿನ್ನಲ್ವಾ?"

"ತಿಂತೀನಿ. ಇದು ಸಿಕ್ಕಿಬಿದ್ರೆ ಜೈಲು. ನಿಮ್ಗಷ್ಟೇ ಅಲ್ಲ, ಕಟ್ಟಿದೋಳು ಯಾರು ಅಂತ ಕೇಳಿದ್ರೆ ನನ್ನನ್ನೇ ತೋರಿಸ್ತೀರಿ."

"ಯಾರು ನೋಡ್ತಾರಮ್ಮ ಇಷ್ಟು ಸಣ್ಣ ಗರಿನ?"

ಇಷ್ಟು ಸಣ್ಣ ಗರಿಯನ್ನು ಮೀನು ನೋಡುತ್ತದೆ ಎಂದು ತರಿಸಿದವರು, ಇಷ್ಟು ಸಣ್ಣ ಗರಿಯನ್ನು ಯಾರು ನೋಡುತ್ತಾರೆ ಎಂದು ಕೇಳುತ್ತಿದ್ದರು. ಇದರಲ್ಲಿ ಏನಾದರೂ ಎಡವಟ್ಟು ಇದೆ ಎಂದು ಅವರ ಮುಖದಲ್ಲಿ ಕಾಣಲಿಲ್ಲ.

"ತಪ್ಪಿರೋದು ಗರೀಲಿ ಅಲ್ಲ ಸಾರ್. ಕಟ್ಟಿರೋದ್ರಲ್ಲಿ ಐತೆ. ಇನ್ನೊಂದನ್ನ ನಾನು ಬಿಚ್ಚಿ ನೋಡ್ತೀನಿ."

"ಅದನ್ನ ಮುಟ್ಟಿದ್ರೆ ನೋಡು! ಅದು ವಾಪಸ್ ಹೋಗ್ಬೇಕು. ನಾಳೆ ಇದ್ರಲ್ಲಿ ಕಟ್ಟು. ನಿನ್ ಕೈಲಿ ಆಗಲ್ಲಾಂದ್ರೆ ಬೇರೆಯೋರು ಕಟ್ತಾರೆ."

ಚೀಲವನ್ನು ನನ್ನ ಮೇಜಿನ ಕೆಳಗೆ ತಳ್ಳಿ, ಬ್ಯಾಂಕಿನ ಕೆಲಸಕ್ಕೆಂದು ಊರೊಳಗೆ ಹೋದರು.  ಬೇರೆಯವರು ಕಟ್ಟುತ್ತಾರೆ ಎನ್ನುವುದು ನಿಜವಾಗಿತ್ತು. ಹೇಳಿದರೆ ಕಟ್ಟುವ ಮೂರು ನಾಲ್ಕು ಜನ ಆ ಸಾಲಿನಲ್ಲೇ ಇದ್ದರು. ಅವರಿಗೆ ಅದು ಯಾವ ಹಕ್ಕಿ ಎಂದು ಯಾರೂ ಹೇಳುತ್ತಲೂ ಇರಲಿಲ್ಲ. ಆ ಗರಿ ಹಾಕಿ ಕಟ್ಟಿದರೂ ನೊಣ ಹಳೆಯ ಕಡೆಗೇ ವಾಲುತ್ತದೆ, ಕೊನೆಯ ಅವಕಾಶವೂ ಹೋಗುತ್ತದೆ. ಮಾದರಿಯನ್ನು ಬಿಚ್ಚಿದರೆ ನನ್ನ ಕೆಲಸ ಹೋಗಬಹುದು, ಬಿಚ್ಚದಿದ್ದರೆ ಹನ್ನೊಂದು ಜನರ ಕೆಲಸ ಹೋಗುವುದು ಖಂಡಿತ.

ಊಟದ ಗಂಟೆ ಹೊಡೆದು ಎಲ್ಲರೂ ಹೊರಗೆ ಬೇವಿನ ಮರದ ಕೆಳಗೆ ಹೋದ ಮೇಲೆ ಎರಡನೆಯ ನೊಣವನ್ನು ವೈಸಿಗೆ ಬಿಗಿದೆ. ವೈಸ್ ಎಂದರೆ ಮೇಜಿನ ಅಂಚಿಗೆ ಕಚ್ಚಿಸಿದ, ಗಾಳವನ್ನು ಹಿಡಿದುಕೊಳ್ಳುವ ಪುಟ್ಟ ಇಕ್ಕಳ. ಸೂಜಿಯ ಮೊನೆಯಿಂದ ತಲೆಗೆ ಥಿನ್ನರ್ ಮುಟ್ಟಿಸಿ ಮುಟ್ಟಿಸಿ ಇಪ್ಪತ್ತು ನಿಮಿಷ ಕಾದೆ. ಭೂತಗನ್ನಡಿಯ ಕೆಳಗೆ ದಾರದ ತುದಿ ಸಿಕ್ಕಿತು. ಚಿಮುಟದಲ್ಲಿ ಹಿಡಿದು ನಾವು ಯಾವಾಗಲೂ ಬಿಚ್ಚುವ ದಿಕ್ಕಿಗೆ ತಿರುಗಿಸಿದೆ.

ದಾರ ಸಡಿಲವಾಗುವ ಬದಲು ಬಿಗಿಯಾಯಿತು.

ಇನ್ನೊಂದು ಸುತ್ತು ತಿರುಗಿಸಿದೆ. ಇನ್ನೂ ಬಿಗಿಯಾಯಿತು. ತುದಿ ತಪ್ಪಾಗಿ ಹಿಡಿದಿದ್ದೇನೆಂದು ಬಿಟ್ಟು ಮತ್ತೆ ಹುಡುಕಿದೆ. ಬೇರೆ ತುದಿ ಇರಲಿಲ್ಲ. ಆಮೇಲೆ ಉಲ್ಟಾ ತಿರುಗಿಸಿದೆ. ಒಂದು, ಎರಡು, ಮೂರು ಎಂದು ಸುತ್ತುಗಳು ತಾವಾಗಿ ಬಿಚ್ಚಿಕೊಂಡವು.

ನಾವೆಲ್ಲ ಗಾಳದ ಕಣ್ಣು, ಎಂದರೆ ದಾರ ಕಟ್ಟುವ ತೂತು, ನಮ್ಮ ಬಲಕ್ಕೆ ಬರುವ ಹಾಗೆ ಬಿಗಿದು, ಬಲಗೈಯಲ್ಲಿ ದಾರವನ್ನು ಮೇಲಿನಿಂದ ಆಚೆಗೆ ಒಯ್ದು ಕೆಳಗಿನಿಂದ ಈಚೆಗೆ ತರುತ್ತೇವೆ. ದಾರ ಬಿಗಿಯುವಾಗ ರೆಕ್ಕೆಯ ಕೂದಲನ್ನು ಸ್ವಲ್ಪ ತನ್ನ ಜೊತೆಗೆ ಎಳೆದೊಯ್ಯುತ್ತದೆ. ಆ ಮುದುಕನ ದಾರ ಪೂರ್ತಿ ಅದರ ವಿರುದ್ಧ ದಿಕ್ಕಿಗೆ ಓಡಿತ್ತು. ಜರಿ ಉಲ್ಟಾ ಸುತ್ತಿರುವುದು ನನಗೆ ಮೊದಲ ದಿನವೇ ಕಂಡಿತ್ತು. ಜರಿಯನ್ನು ಗಟ್ಟಿ ನಿಲ್ಲಲೆಂದು ಉಲ್ಟಾ ಸುತ್ತುವುದು ನಮ್ಮಲ್ಲೂ ಉಂಟು, ಅದಕ್ಕೇ ಇರಬೇಕೆಂದು ಬಿಟ್ಟಿದ್ದೆ. ಈಗ ನೋಡಿದರೆ ದಾರ ಉಲ್ಟಾ, ಉಣ್ಣೆ ಉಲ್ಟಾ, ಕತ್ತಿನ ಪುಕ್ಕ ಉಲ್ಟಾ. ಅವನ ಪಾಲಿಗೆ ಯಾವುದೂ ಉಲ್ಟಾ ಅಲ್ಲ. ಅವನು ಎಡಗೈಯವನು.

ಬ್ಲೇಡ್ ಎಳೆದು ಮೊದಲ ನೊಣವನ್ನು ಸೀಳಿದಾಗ ಹೋದದ್ದು ಇದೇ. ತುಂಡಾದ ದಾರಕ್ಕೆ ದಿಕ್ಕಿಲ್ಲ.

ಕೆನ್ನೆಯ ಪುಕ್ಕ ಬಿಚ್ಚಿ ಥಿನ್ನರಿನ ಬಟ್ಟಲಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಆ ಹಳದಿ ಹನಿ ಮೆತ್ತಗಾಗಿ ಜಾರಿ ಹತ್ತಿಗೆ ಅಂಟಿತು. ಕೆಳಗೆ ಉಳಿದದ್ದು ಬೋಳು ಕರಿ ಕೋಳಿ ಪುಕ್ಕ. ಮುಟ್ಟುವುದಿಲ್ಲ ಎಂದಿದ್ದ ಚೀಲದಿಂದ ಒಂದು ಗರಿಯನ್ನು ಚಿಮುಟದಲ್ಲಿ ಕಿತ್ತು ಅದೇ ಬಟ್ಟಲಿಗೆ ಹಾಕಿದೆ. ಮಾಲೀಕರಿಗೆ ತೋರಿಸಲು ಸಾಕ್ಷಿ ಬೇಕಿತ್ತು ಎನ್ನುವುದು ನಿಜ. ಹತ್ತಿರದಿಂದ ಒಮ್ಮೆ ನೋಡಬೇಕೆನ್ನುವ ಆಸೆ ಇತ್ತು ಎನ್ನುವುದೂ ನಿಜ. ಅದರ ಹನಿ ಎಷ್ಟು ಹೊತ್ತಾದರೂ ಕರಗಲಿಲ್ಲ, ಅದು ಗರಿಯದೇ ಭಾಗ. ಅಂದರೆ ಯಾವ ಆತ್ಮಕ್ಕಾಗಿ ಎರಡು ಹಕ್ಕಿಯ ಕತ್ತು ಸುಲಿದಿದ್ದರೋ, ಅದು ಆ ಮುದುಕನ ನೊಣದಲ್ಲೇ ಇರಲಿಲ್ಲ. ಅವನೂ ನಮ್ಮ ಹಾಗೇ ಊರುಕೋಳಿಗೆ ವಾರ್ನಿಷ್ ಇಟ್ಟುಕೊಂಡಿದ್ದ.

ನಾಲ್ಕು ಗಂಟೆಗೆ ಮಾಲೀಕರು ಬಂದರು. ಬಿಳಿ ಹಾಳೆಯ ಮೇಲೆ ಸಾಲಾಗಿ ಅಂಟಿಸಿದ್ದ ತುಣುಕುಗಳನ್ನು ನೋಡಿ ಮುಖ ಕಪ್ಪಿಟ್ಟಿತು.

"ಯಾರ್ನ ಕೇಳಿ ಬಿಚ್ಚಿದೆ?"

"ಕೇಳಿದ್ದೆ. ನೀವು ಬ್ಯಾಡ ಅಂದ್ರಿ."

"ಬ್ಯಾಡ ಅಂದ್ಮೇಲೆ? ಏನ್ ಹೇಳ್ಲಿ ಅವನಿಗೆ? ಸತ್ತೋರ ಸಾಮಾನು ಅದು!"

ನಾನು ಬಟ್ಟಲು ತೋರಿಸಿದೆ, ಹತ್ತಿಯ ಮೇಲಿನ ಹಳದಿ ಕಲೆ ತೋರಿಸಿದೆ, ಕರಗದೆ ಉಳಿದ ಗರಿ ತೋರಿಸಿದೆ. ದಾರದ ದಿಕ್ಕಿನ ವಿಷಯ ಎರಡು ಸಲ ಹೇಳಿದೆ. ದಿಕ್ಕು ಅವರಿಗೆ ಅರ್ಥವಾಗಲಿಲ್ಲ. ಗರಿ ಸುಳ್ಳು ಎನ್ನುವುದು ಅರ್ಥವಾಯಿತು. ಅಲ್ಲಿಂದ ಅವರ ಚಿಂತೆಯೆಲ್ಲ ಮೇಜಿನ ಕೆಳಗಿನ ಚೀಲದ ಮೇಲೆ ತಿರುಗಿತು. ಬೇಲಿಯ ಆಚೆ ಈಚೆ ನೋಡಿ, ಶೆಡ್ಡಿನ ಹಿಂದೆ ಒಯ್ದು, ತಾವೇ ಸೀಮೆಎಣ್ಣೆ ಸುರಿದು ಸುಟ್ಟರು. ನಾವೆಲ್ಲ ಮೂಗು ಮುಚ್ಚಿಕೊಂಡು ಕೂತೆವು. ಅರಣ್ಯ ಇಲಾಖೆಗೆ ಹೇಳಬೇಕಿತ್ತೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಹೇಳಲಿಲ್ಲ. ಅದಕ್ಕೆ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ.

ಇನ್ನು ಕಟ್ಟಬೇಕಿತ್ತು. ವೈಸನ್ನು ತಿರುಗಿಸಿ, ಗಾಳದ ಕಣ್ಣು ಎಡಕ್ಕೆ ಮಾಡಿ, ಎಡಗೈಗೆ ದಾರದ ಬಾಬಿನ್ ಕೊಟ್ಟೆ. ಮೂರು ದಿನದಲ್ಲಿ ಒಂಬತ್ತು ಕಟ್ಟಿದೆ. ರೆಕ್ಕೆ ವಾಲುವ ಕಡೆಗೇನೋ ವಾಲುತ್ತಿತ್ತು, ಆದರೆ ಉಣ್ಣೆ ಗಂಟುಗಂಟು, ತಲೆ ಬದನೆಕಾಯಿಯಷ್ಟು ದಪ್ಪ. ಬಲಗೈಯಿಂದಲೇ ಉಲ್ಟಾ ಸುತ್ತಿ ನೋಡಿದೆ. ಪ್ರತಿ ಸುತ್ತಿಗೂ ಕೈ ಹಳೆಯ ದಾರಿಗೇ ಹೊರಳುತ್ತಿತ್ತು. ಹನ್ನೊಂದು ವರ್ಷದ ಅಭ್ಯಾಸ ಹೆಚ್ಚುಗಾರಿಕೆ ಎಂದುಕೊಂಡಿದ್ದೆ. ಆ ಮೂರು ದಿನ ಅದೇ ನನ್ನ ಕೈ ಹಿಡಿದು ಎಳೆಯಿತು.

ನಾಲ್ಕನೆಯ ದಿನ ಪ್ಯಾಕಿಂಗ್ ಮೇಜಿನ ಕಡೆ ನೋಡುತ್ತ ಕೂತಿದ್ದಾಗ ಹೊಳೆಯಿತು. ಹೊಳೆಯಿತು ಎನ್ನುವುದು ಸರಿಯಲ್ಲ. ಅದು ನನಗೆ ಮೊದಲ ಗಳಿಗೆಯಿಂದ ಗೊತ್ತಿತ್ತು, ನೋಡದೆ ಕೂತಿದ್ದೆ. ಅಲ್ಲಿ ಹೊಳಲ್ಕೆರೆ ಕಡೆಯಿಂದ ಮದುವೆಯಾಗಿ ಬಂದ ಒಬ್ಬ ಹೆಂಗಸು ಕೆಲಸ ಮಾಡುತ್ತಿದ್ದಳು. ಮೂರು ವರ್ಷದ ಹಿಂದೆ ಕಟ್ಟುವ ಕೆಲಸಕ್ಕೇ ಸೇರಿದ್ದಳು. ಕೈ ಚುರುಕು, ಕಣ್ಣು ಚುರುಕು. ಆದರೆ ಎಡಗೈಯವಳು. ಅವಳು ಕಟ್ಟಿದ್ದನ್ನು ಉಳಿದವುಗಳ ಜೊತೆ ಇಟ್ಟರೆ ಬೇರೆಯಾಗಿ ಕಾಣುತ್ತಿತ್ತು. ನಾನು ತಪಾಸಣೆಯ ಪುಸ್ತಕದಲ್ಲಿ "ತಿರುವು ಸರಿಯಿಲ್ಲ" ಎಂದು ಬರೆದು ಪಕ್ಕಕ್ಕೆ ಹಾಕುತ್ತಿದ್ದೆ. ಎರಡು ವಾರ ಹಾಗೆ ಹಾಕಿದ ಮೇಲೆ, ಮಾಲೀಕರು ಮುಖ ಸಿಂಡರಿಸಿ ಎಡಗೈ ಕೆಲಸ ಶೆಡ್ಡಿಗೆ ಶುಭವಲ್ಲ ಎಂದು ಒಂದು ಮಾತು ಸೇರಿಸಿದರು, ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಆ ಶುಭದ ಮಾತಿಗೆ ನಾನು ಮನಸ್ಸಿನಲ್ಲೇ ಅವರನ್ನು ಹೀಯಾಳಿಸಿದ್ದೆ. ಆದರೆ ಅವಳನ್ನು ಎಬ್ಬಿಸಿದ್ದು ಅವರ ಶುಭವಲ್ಲ, ನನ್ನ ಬರಹ.

ಅವಳ ಮೇಜಿನ ಹತ್ತಿರ ಹೋಗಿ ವಿಷಯ ಹೇಳಿದೆ. ಅವಳು ಡಬ್ಬಿಗಳಿಗೆ ಚೀಟಿ ಅಂಟಿಸುವುದನ್ನು ನಿಲ್ಲಿಸಲಿಲ್ಲ.

"ನನ್ ಕೈ ಸರಿ ಇಲ್ಲ ಅಂತ ಬರೆದೋರು ನೀವೇ ಅಲ್ವಾ ಅಕ್ಕ?"

"ಹೌದು. ನಾನೇ."

"ಈಗ ಸರಿ ಆತಾ?"

"ನಿನ್ ಕೈ ಆವಾಗ್ಲೂ ಸರಿ ಇತ್ತು ಕಣವ್ವ. ನಾನು ನೋಡಿದ್ದು ಸರಿ ಇರ್ಲಿಲ್ಲ."

ಅವಳು ಕೈಯಲ್ಲಿದ್ದ ಕಟ್ಟಿನ ಚೀಟಿಗಳನ್ನೆಲ್ಲ ಅಂಟಿಸಿ ಮುಗಿಸಿದಳು. ನಾನು ನಿಂತೇ ಇದ್ದೆ. ಕೂತುಕೊಳ್ಳಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡು, "ಎಲ್ಲೈತೆ ತೋರಿಸ್ರಿ" ಎಂದಳು.

ಹಾಳೆಯ ಮೇಲೆ ಅಂಟಿಸಿದ್ದನ್ನು ಒಂದೊಂದಾಗಿ ನೋಡಿದಳು. ಮೂರು ವರ್ಷ ದಾರ ಮುಟ್ಟಿರಲಿಲ್ಲ. ಮೊದಲನೆಯದನ್ನು ಅರ್ಧಕ್ಕೆ ಬಿಚ್ಚಿ ಎಸೆದಳು, ಎರಡನೆಯದನ್ನೂ ಎಸೆದಳು. ಮೂರನೆಯದು ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಉಣ್ಣೆ ಸುತ್ತುವಾಗ ಒಂದು ಕಡೆ ನಿಲ್ಲಿಸಿ, "ಇಲ್ಲಿ ಅವನು ಉಣ್ಣೆನ ಬೆರಳಲ್ಲಿ ಹೊಸೆದು ಹಾಕ್ಯಾನೆ ಅಕ್ಕ, ನೀವು ಬರೀ ಸುತ್ತೀರಿ" ಎಂದಳು. ಹೌದಾಗಿತ್ತು. ಅದು ನನಗೆ ಭೂತಗನ್ನಡಿಯಲ್ಲೂ ಕಂಡಿರಲಿಲ್ಲ.

ಸಂಜೆ ಇಬ್ಬರೂ ಕಾಲುವೆಗೆ ಹೋದೆವು. ಅವಳ ನೊಣವನ್ನೂ ನನ್ನ ಹಳೆಯದನ್ನೂ ಜೊತೆಗೆ ಇಳಿಬಿಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಹ್ಞಾ, ಎದ್ರು ಕಡೆ ವಾಲ್ತು ನೋಡ್ರಿ. ನಡೀರಿ ಹೋಗಾಣ, ಬಸ್ ಹೋಗ್ತೈತೆ" ಎಂದಳು.

ಹನ್ನೆರಡು ಕಟ್ಟಿ ಕಳಿಸಿದೆವು. ಬಿಚ್ಚಿದ ತುಣುಕುಗಳ ಹಾಳೆಯನ್ನೂ ಜೊತೆಗೆ ಇಟ್ಟೆ. ಎರಡನೆಯದನ್ನು ಬಿಚ್ಚಿದವಳು ನಾನು, ಇಲ್ಲದಿದ್ದರೆ ಅವನು ಎಡಗೈಯವನೆಂದು ಗೊತ್ತಾಗುತ್ತಿರಲಿಲ್ಲ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಬರೆದೆ. ಅಂಗಡಿಯವನ ಉತ್ತರ ಬರಲು ಮೂರು ವಾರ ಹಿಡಿಯಿತು. ಹೊಳೆಯಲ್ಲಿ ಹಾಕಿ ನೋಡಿದೆವು, ಇದೇ ಅದು, ಆರ್ಡರ್ ನಿಮಗೇ ಎಂದು ಬರೆದಿದ್ದ. ಮುದುಕ ಎಡಗೈಯವನೆಂದು ನಿಮಗೆ ಯಾರು ಹೇಳಿದರು ಎಂದು ಮಗಳು ಕೇಳುತ್ತಿದ್ದಾಳೆ ಎಂದೂ ಇತ್ತು. ಮಾದರಿ ಹಾಳಾದ ಬಗ್ಗೆ ಒಂದು ಮಾತಿರಲಿಲ್ಲ. ಕೊನೆಯಲ್ಲಿ, ಪ್ರತಿ ಡಬ್ಬಿಯಲ್ಲಿ ಕಟ್ಟಿದವರ ಹೆಸರಿನ ಚೀಟಿ ಇಡುತ್ತೇವೆ, ಹೆಸರು ಕಳಿಸಿ ಎಂದಿತ್ತು.

ಮಾಲೀಕರು ಆ ಮೇಲ್ ಅನ್ನು ಸಲಹೆಗಾರನಿಗೆ ಓದಿ ಹೇಳಿದರು. "ನಾನು ಮೊದಲೇ ಹೇಳಿದ್ನಲ್ಲ ಸಾರ್, ಕ್ಲಾಸಿಕ್ ಅಂತ" ಎಂದು ಅವನು ನಕ್ಕಿದ್ದು ನನಗೆ ಮೇಜಿನವರೆಗೂ ಕೇಳಿಸಿತು. ತನ್ನ ಹೆಸರು ಹಾಕಿದರೆ ಮಾರಾಟಕ್ಕೆ ಒಳ್ಳೆಯದು ಎಂದೂ ಹೇಳಿದ. ಮಾಲೀಕರು ತಲೆಯಾಡಿಸುತ್ತಿದ್ದರು. ನಾನು ಎದ್ದು ಹೋಗಿ, "ಅವ್ರು ಬಂದು ಒಂದು ಕಟ್ಟಿ ತೋರಿಸ್ಲಿ ಸಾರ್, ಆಮೇಲೆ ಹಾಕಾಣ" ಎಂದೆ.  ಆ ಮನುಷ್ಯ ಮತ್ತೆ ಹಿರಿಯೂರಿಗೆ ಬಂದಿಲ್ಲ. ಅವನ ಫೋಟೋ ಮಾತ್ರ ಇನ್ನೂ ಆಫೀಸಿನ ಗೋಡೆಯ ಮೇಲಿದೆ, ಜೇಬುಗಳ ಸಮೇತ.

ಹೆಸರಿನ ವಿಷಯ ಹೇಳಲು ನಾನು ಅವಳ ಹತ್ತಿರ ಹೋದೆ. ಚೀಟಿಯಲ್ಲಿ ನಿನ್ನ ಹೆಸರೇ ಬರುತ್ತದೆ, ಆ ದೇಶದವರೆಲ್ಲ ಓದುತ್ತಾರೆ ಎಂದೆ. ಅವಳು ಬಾಬಿನ್‌ಗೆ ದಾರ ತುಂಬುತ್ತಿದ್ದಳು.

"ಹಾಕಿದ್ರೆ ಹಾಕ್ಲಿ ಬಿಡ್ರಿ. ಅವರು ನನ್ ಹೆಸರು ಓದಿ ನಂಗೇನಾಗ್ಬೇಕೈತೆ? ನಂಗೆ ಕಿಟಕಿ ಪಕ್ಕದ ಜಾಗ ಬೇಕಕ್ಕ. ಇಲ್ಲಿ ಕತ್ತಲು. ದಿನಾ ಇಷ್ಟು ಕಟ್ಬೇಕಂದ್ರೆ ಕಣ್ಣು ಹೋಗ್ತಾವೆ."

ಶೆಡ್ಡಿನಲ್ಲಿ ಕಿಟಕಿ ಇರುವುದು ಒಂದೇ. ಅದರ ಪಕ್ಕದ ಮೇಜು ನನ್ನದು. ಮಾಲೀಕರನ್ನು ಕೇಳಿ ನೋಡೋಣ ಎಂದು ಹೇಳಲು ಬಾಯಿ ತೆರೆದೆ. ಅವಳು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ನಾನು ಮಾಲೀಕರನ್ನು ಯಾವ ಕಣ್ಣಿನಿಂದ ನೋಡುತ್ತೇನೋ ಅದೇ ಕಣ್ಣು. ಅಷ್ಟು ಚೆನ್ನಾಗಿ ಗುರುತಿರುವ ನೋಟ ನನ್ನ ಮೇಲೆ ಬಿದ್ದದ್ದು ಅದೇ ಮೊದಲು.

ಆ ಮಧ್ಯಾಹ್ನವೇ ನನ್ನ ವೈಸ್ ಬಿಚ್ಚಿಕೊಂಡು ಒಳಗಿನ ಸಾಲಿಗೆ ಹೋದೆ. ಸಂತೋಷದಿಂದ ಹೋದೆ ಎಂದು ಹೇಳಲಾರೆ. ಅವಳು ಮೇಜನ್ನು ಎಳೆದು, ಎಡಗೈಯ ನೆರಳು ಗಾಳದ ಮೇಲೆ ಬೀಳದಂತೆ, ಬೆಳಕು ತನ್ನ ಬಲಗಡೆಯಿಂದ ಬೀಳುವ ಹಾಗೆ ತಿರುಗಿಸಿಕೊಂಡು ಕೂತಳು.